ಎರಡು ಹಸುವಿನ ಗ್ಯಾಸ್

ನಮ್ಮ ಮನೆಯಲ್ಲಿ ಸಿಲಿಂಡರ್ ಇಲ್ಲ ಎಂದು ಹೇಳಿಕೊಳ್ಳುವುದು ನನಗೊಂದು ಚಟವಾಗಿತ್ತು. ಕೊಪ್ಪದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ಪಕ್ಕದವರು ಗ್ಯಾಸ್ ಬುಕ್ ಮಾಡಿ ವಾರವಾಯಿತು, ಇನ್ನೂ ಬಂದಿಲ್ಲ ಎಂದು ಗೊಣಗಿದರೆ ಸಾಕು, ನಾನು ತೊಡೆಯ ಮೇಲಿನ ಚೀಲ ಸರಿಮಾಡಿಕೊಂಡು ಶುರುಮಾಡುತ್ತಿದ್ದೆ. ನಮಗೆ ಆ ತಾಪತ್ರಯವಿಲ್ಲ ನೋಡಿ, ನಮ್ಮದು ಗೋಬರ್ ಗ್ಯಾಸ್. ಸಿಲಿಂಡರ್ ಲಾರಿ ಟಾರು ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಮನೆಗೆ ಹೊತ್ತು ತರುವವರಾರು? ನಾವು ಸಂಪರ್ಕವನ್ನೇ ವಾಪಸು ಕೊಟ್ಟುಬಿಟ್ಟೆವು. ಕೇಳುವವರಿಗೆ ಬೇಕೋ ಬೇಡವೋ ನಾನು ನೋಡುತ್ತಿರಲಿಲ್ಲ. ಸೀತೂರಿನಲ್ಲಿ ಶುರುವಾದ ನನ್ನ ಮಾತು ಬಾಳಗಡಿ ಬರುವವರೆಗೂ ಮುಗಿಯುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪ್ರತಿ ವರ್ಷ ಇಂಧನದ ಪಾಠ ಬಂದಾಗ ಬೋರ್ಡಿನ ಮಧ್ಯೆ ಗೆರೆ ಎಳೆಯುತ್ತಿದ್ದೆ. ಆಚೆ ಕಲ್ಲಿದ್ದಲು, ಪೆಟ್ರೋಲು, ಸೀಮೆಎಣ್ಣೆ, ಸಿಲಿಂಡರಿನ ಗ್ಯಾಸ್. ಈಚೆ ಬಿಸಿಲು, ಗಾಳಿ, ನೀರು, ಸಗಣಿ. ಅದು ಮುಗಿದುಹೋಗುವುದು, ಇದು ಮತ್ತೆ ಮತ್ತೆ ಹುಟ್ಟುವುದು. ಪಾಠದ ಕೊನೆಗೆ ನಮ್ಮ ಮನೆಯ ಉದಾಹರಣೆ ಬಂದೇ ಬರುತ್ತಿತ್ತು. ಹಿಂದಿನ ಬೆಂಚಿನವರು 'ಟೀಚರ್ ಮನೆ ಹಸು ಬಂತು' ಎಂದು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದೆ.

ಮೊದಮೊದಲು ಅದು ನಿಜವೂ ಆಗಿತ್ತು. ಗೋಬರ್ ಗ್ಯಾಸ್ ಕಟ್ಟಿಸಿದಾಗ ಕೊಟ್ಟಿಗೆಯಲ್ಲಿ ಐದು ಹಸುಗಳಿದ್ದವು. ಎನ್.ಆರ್. ಪುರದಿಂದ ಬಂದ ಮೇಸ್ತ್ರಿ ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟಿ, ಸಗಣಿ ಕದಡುವ ತೊಟ್ಟಿಯನ್ನು ಅತ್ತೆಯ ಸೊಂಟದ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿ ಕೊಟ್ಟಿದ್ದರು. ಸಗಣಿ ಕದಡುವ ಕೆಲಸ ಅತ್ತೆಯದು. ಬೆಳಿಗ್ಗೆ ಸ್ನಾನಕ್ಕೆ ಮೊದಲು ಬುಟ್ಟಿಯ ಸಗಣಿಯನ್ನು ತೊಟ್ಟಿಗೆ ಸುರಿದು, ಅಷ್ಟೇ ನೀರು ಹೊಯ್ದು, ಕೈಯಿಂದಲೇ ಗಂಟು ಒಡೆದು ಒಳಗೆ ಬಿಡುತ್ತಿದ್ದರು. ಕೋಲು ಕೊಟ್ಟರೆ ಬೇಡ. 'ಸಗಣಿಗೆ ಎಂತ ಅಸಹ್ಯ ಮಾರಾಯ್ತಿ' ಎನ್ನುತ್ತಿದ್ದರು. ಆಮೇಲೆ ಮಿಂದು, ಮಡಿ ಸೀರೆ ಉಟ್ಟು, ಅದೇ ಗ್ಯಾಸಿನಲ್ಲಿ ದೇವರ ನೈವೇದ್ಯದ ಅನ್ನ ಮಾಡುತ್ತಿದ್ದರು.

ಅತ್ತೆಯ ಮಡಿ ಎಂದರೆ ನಮ್ಮ ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ. ಆದರೆ ಅವರು ಸಿಡುಕುವ ಮಡಿಯವರಲ್ಲ. ತಪ್ಪಿ ಯಾರಾದರೂ ಮುಟ್ಟಿದರೆ 'ಹೋಗ್ಲಿ, ಇನ್ನೊಂದು ಸಲ ಮಿಂದ್ರೆ ಎಂತ, ನೀರಿಗೆ ಬರವೇ ನಮ್ಮಲ್ಲಿ?' ಎಂದು ಮತ್ತೆ ಬಚ್ಚಲಿಗೆ ಹೋಗುತ್ತಿದ್ದರು. ಶೃಂಗೇರಿಯಲ್ಲಿ ಅವರ ತಂಗಿಯ ಮನೆ. ಅಲ್ಲಿಯೂ ಅದರ ಸುತ್ತಿನ ಮನೆಗಳಲ್ಲಿಯೂ ವ್ರತವೋ ತಿಥಿಯೋ ಆದರೆ ಮಡಿ ಅಡಿಗೆಗೆ ಇವರೇ ಆಗಬೇಕು. ಕರೆದೊಯ್ಯಲು ಕಾರು ಕಳಿಸುತ್ತಿದ್ದರು. ಹೋಗುವ ದಿನ ಅವರ ಮುಖ ನೋಡಬೇಕಿತ್ತು. ಎಪ್ಪತ್ತಾರು ವರ್ಷದ ಹೆಂಗಸು, ಕಾರಿನ ಮುಂದಿನ ಸೀಟಿನಲ್ಲಿ ಸೆಟೆದು ಕೂರುತ್ತಿದ್ದರು.

ಐದಿದ್ದ ಹಸು ಎರಡಕ್ಕೆ ಇಳಿದದ್ದು ಯಾವ ದೊಡ್ಡ ಕಾರಣಕ್ಕೂ ಅಲ್ಲ. ಹುಲ್ಲು ತರುವ ಆಳು ಬಿಟ್ಟುಹೋದಳು, ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು, ನಮ್ಮ ಮನೆಯವರಿಗೆ ಹಾಲು ಕರೆಯಲು ಬರುವುದಿಲ್ಲ. ಉಳಿದ ಎರಡೂ ಮಲೆನಾಡು ಗಿಡ್ಡ ತಳಿಯ ಸಣ್ಣ ಹಸುಗಳು. ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತವೆ, ಅರ್ಧ ಸಗಣಿ ಗುಡ್ಡಕ್ಕೇ ದಾನ. ಕೊಟ್ಟಿಗೆಯಲ್ಲಿ ಸಿಗುವುದು ಒಂದು ಬುಟ್ಟಿ ಮಾತ್ರ. ಗ್ಯಾಸು ಬೆಳಗಿನ ಕಾಫಿಗೆ ಬಂದು, ಅನ್ನ ಕುದಿಯುವ ಹೊತ್ತಿಗೆ ಪುಸಕ್ಕೆಂದು ಆರುತ್ತಿತ್ತು. ಅತ್ತೆ ಹಳೆಯ ಮಣ್ಣಿನ ಒಲೆಗೆ ಬೆಂಕಿ ಹಾಕಿದರು. ವಾರದೊಳಗೆ ಕೆಮ್ಮು ಹಿಡಿಯಿತು. ಕೊಪ್ಪದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಹೊಗೆ ಬೇಡ, ಒಲೆ ಹತ್ತಿರ ಕೂರಿಸಬೇಡಿ ಎಂದರು.

ಆಗ ಮಾಡಬೇಕಾಗಿದ್ದದ್ದು ಒಂದೇ. ಗ್ಯಾಸ್ ಏಜೆನ್ಸಿಗೆ ಹೋಗಿ ಸಿಲಿಂಡರ್ ಬೇಕು ಎಂದು ಅರ್ಜಿ ಬರೆಯುವುದು. ಅರ್ಧ ಗಂಟೆಯ ಕೆಲಸ. ಎರಡು ಸಲ ಅದರ ಬಾಗಿಲವರೆಗೆ ಹೋಗಿದ್ದೇನೆ. ಮೊದಲ ಸಲ ಒಳಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಳು. ಎರಡನೆಯ ಸಲ ಯಾರೂ ಇರಲಿಲ್ಲ, ಆದರೂ ಕಾಲು ಒಳಗೆ ಹೋಗಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಮಹಿಳಾ ಸಂಘದಲ್ಲಿ ಕೊಚ್ಚಿಕೊಂಡದ್ದೆಲ್ಲ ಆ ಬಾಗಿಲಲ್ಲಿ ಅಡ್ಡ ನಿಂತಿತ್ತು. ಅತ್ತೆಯ ಎದೆಗಿಂತ ನನ್ನ ಮುಖ ದೊಡ್ಡದಾಯಿತು ಎಂದು ಈಗ ಸ್ಪಷ್ಟವಾಗಿ ಬರೆಯಬಲ್ಲೆ. ಅವತ್ತು ಅದಕ್ಕೆ ಪರಿಸರ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ.

ಮೇಸ್ತ್ರಿಯನ್ನು ಕರೆಸಿದೆ. ಅವರು ಪೈಪು, ವಾಲು ಎಲ್ಲ ನೋಡಿ ಎದ್ದು ನಿಂತರು.

'ಇದಕ್ಕೆಂತ ಆಗಿಲ್ಲ ಟೀಚರೇ. ಹೊಟ್ಟೆಗಿಲ್ಲ ಇದಕ್ಕೆ, ಅಷ್ಟೇ.'

'ಸಗಣಿ ಎಲ್ಲಿಂದ ತರೋದು ಹೇಳಿ.'

'ಸಗಣಿಯೇ ಆಗ್ಬೇಕು ಅಂತಿಲ್ಲ. ಸಗಣಿ ಅಂದ್ರೆ ಎಂತ? ಹಸು ಸಾರ ತೆಗ್ದು ಬಿಟ್ಟದ್ದು. ಅನ್ನದಲ್ಲಿ ಸಾರ ಪೂರ್ತಿ ಉಂಟು. ಉಳಿದ ಅನ್ನ ಸಾಂಬಾರ್ ದಿನಾ ಒಂದು ಕ್ಯಾನ್ ಹಾಕಿ ನೋಡಿ. ಒಂದೇ ಮತ್ತೆ, ಜಾಸ್ತಿ ಹಾಕಿದ್ರೆ ಹುಳಿ ಬಂದು ಬಂದ್ ಆಗ್ತದೆ.'

ಅವರು ಹೇಳಿದ್ದು ವಿಜ್ಞಾನವೇ. ನಾನೇ ಕ್ಲಾಸಿನಲ್ಲಿ ಹೇಳಬೇಕಾಗಿದ್ದದ್ದು. ಆದರೆ ಮೂವರಿರುವ ನಮ್ಮ ಮನೆಯಲ್ಲಿ ಉಳಿಯುವುದು ಕಾಗೆಗೂ ಸಾಲದು. ನನಗೆ ಹೊಳೆದದ್ದು ಬಾಳಗಡಿಯ ಒಂದು ಹಾಸ್ಟೆಲ್. ಅಲ್ಲಿ ಅಡಿಗೆ ಮಾಡುವ ಹೆಂಗಸು ನನಗೆ ಪರಿಚಯ. ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯ ತಳದ್ದು, ಎಲ್ಲವನ್ನೂ ಆಕೆ ಒಂದು ಡ್ರಮ್ಮಿಗೆ ಹಾಕಿಡುತ್ತಿದ್ದಳು. ಒಂದು ಕ್ಯಾನ್ ಕೊಡುತ್ತೀಯಾ ಎಂದರೆ, ನಾಲ್ಕು ಒಯ್ಯಿರಿ ಎಂದಳು.

ಅದು ಎಂಜಲು. ನೂರು ಮಕ್ಕಳ ಎಂಜಲು. ವಾರದಲ್ಲಿ ಎರಡು ದಿನ ಮೊಟ್ಟೆ, ಒಂದು ದಿನ ಕೋಳಿ. ನನಗೆ ಅದರಲ್ಲಿ ಯಾವ ಅಸಹ್ಯವೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಗ್ಯಾಸಿನಲ್ಲಿ ನೈವೇದ್ಯ ಬೇಯಿಸುವವರು ನಾನಲ್ಲ. ಬೇಯಿಸುವವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿದ್ದದ್ದರಿಂದ ಕೇಳಲಿಲ್ಲ. ಬಾಯಿ ಬಿಡಬೇಡಿ ಎಂದು ಮೇಸ್ತ್ರಿಯಿಂದ ಮಾತು ತೆಗೆದುಕೊಂಡೆ. ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, 'ನಿಂಗೆ ಬೇಕಾದ ಹಾಗೆ ಮಾಡು. ನಂಗೆ ಗೊತ್ತಿಲ್ಲ ಅಂತ ಇಟ್ಕೋ' ಎಂದರು.

ಹೀಗೆ ಮೂರು ವರ್ಷ ನಾನು ಎಂಜಲಿನ ಕ್ಯಾನ್ ಹೊತ್ತು ಬಸ್ಸಿನಲ್ಲಿ ಓಡಾಡಿದೆ. ಮುಚ್ಚಳಕ್ಕೆ ರಬ್ಬರ್ ಹಾಕಿ, ಮೇಲೆ ಬಟ್ಟೆ ಚೀಲ ಹೊದಿಸಿ, ಕಾಲಿನ ನಡುವೆ ಇಟ್ಟುಕೊಂಡು ಕೂರುತ್ತಿದ್ದೆ. ಎಂತ ಟೀಚರೇ ಅದು ಎಂದರೆ ದೋಸೆ ಹಿಟ್ಟು ಎನ್ನುತ್ತಿದ್ದೆ. ದಿನಾ ದೋಸೆಯಾ ಎಂದು ಕಂಡಕ್ಟರ್ ನಗುತ್ತಿದ್ದ. ಮನೆ ತಲುಪುವ ಹೊತ್ತಿಗೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೂತಿರುತ್ತಿದ್ದರು. ಅವರ ದೇವರ ನಾಮ ನಾಲ್ಕು ಮುಗಿಯುವುದರೊಳಗೆ ನನ್ನ ಕೆಲಸ ಮುಗಿಯಬೇಕು. ಅನ್ನದ ಅಗುಳು ತೇಲದ ಹಾಗೆ ಕಿವುಚಿ, ಮೂಳೆ ಹೆಕ್ಕಿ ಹೂತು, ತೊಟ್ಟಿಗೆ ನಾಲ್ಕು ಕೊಡ ನೀರು ಬಿಟ್ಟು ತೊಳೆಯುತ್ತಿದ್ದೆ. ಬೆಳಿಗ್ಗೆ ಅತ್ತೆ ಬಂದು ಅದೇ ತೊಟ್ಟಿಗೆ ಕೈಹಾಕುತ್ತಿದ್ದರು.

ಒಮ್ಮೆ ಅವರಿಗೆ ತೊಟ್ಟಿಯ ಅಂಚಿನಲ್ಲಿ ಮೊಟ್ಟೆ ಚಿಪ್ಪಿನ ಚೂರು ಸಿಕ್ಕಿತು. ಎರಡು ಬೆರಳಲ್ಲಿ ಹಿಡಿದು ತಂದು ತೋರಿಸಿದರು.

'ಎಂತದೇ ಇದು?'

'ಕಾಗೆ ತಂದು ಹಾಕಿರ್ಬೇಕು.'

ಅವರು ನಂಬಿದರು. ಎಂಟು ದಿನ ಅಂಗಳದ ಕಾಗೆಗಳಿಗೆಲ್ಲ ಬೈಗುಳ. ನನಗೆ ನಗು ಬಂದಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದಿತ್ತು.

ಗ್ಯಾಸು ಮಾತ್ರ ಧಾರಾಳವಾಗಿ ಬಂತು. ಎರಡು ಒಲೆ ಹಚ್ಚಿದರೂ ನೀಲಿ ಬೆಂಕಿ ಅಲುಗುತ್ತಿರಲಿಲ್ಲ. ಅತ್ತೆಯ ಕೆಮ್ಮು ಹೋಯಿತು, ಮಣ್ಣಿನ ಒಲೆಯ ಮೇಲೆ ಹಲಗೆ ಹಾಕಿ ಡಬ್ಬ ಜೋಡಿಸಿದರು. ಐದು ಹಸುವಿನಲ್ಲಿ ಬರುತ್ತಿದ್ದ ಗ್ಯಾಸು ಎರಡರಲ್ಲಿ ಬರುತ್ತಿದೆ ಎಂದರೆ ಅದಕ್ಕೊಂದು ಕಾರಣ ಬೇಕಲ್ಲ? ಕಾರಣವನ್ನು ಅವರೇ ಹುಡುಕಿಕೊಂಡರು. ಕಪ್ಪು ಹಸುವಿನ ಗುಣ ಎಂದರು. ಶುಕ್ರವಾರ ಅದರ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಬಾಲಕ್ಕೆ ಕೈಮುಗಿಯತೊಡಗಿದರು. ಗ್ಯಾಸು ಬಿಟ್ಟು ಗುಮ್ಮಟದಿಂದ ಆಚೆ ಬರುವ ಸ್ಲರಿ ರಾಡಿಯನ್ನು ಹೊತ್ತು ತುಳಸಿ ಬುಡಕ್ಕೆ ಹೊಯ್ದರು. ಉಷ್ಣವಾಗುತ್ತದೆ, ತುಳಸಿಗೆ ಬೇಡ ಎಂದು ನಾನು ಅಡ್ಡ ಹೋದೆ. 'ಗೋಮಯ ಎಂತ ಉಷ್ಣವೇ, ನಿನ್ನ ವಿಜ್ಞಾನ ನೀನೇ ಇಟ್ಕೋ' ಎಂದರು. ತುಳಸಿ ಸೊಕ್ಕಿ ಬೆಳೆಯಿತು. ಅದರ ದಳ ದೇವರ ತಲೆಯ ಮೇಲೆ ಕೂತಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಅವರ ಬಾಯಿಂದಲೇ ಸುದ್ದಿ ಹರಡಿತು. ಶೃಂಗೇರಿಯಲ್ಲಿ ಹೇಳಿದರು, ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದರು. ಎರಡೇ ಹಸು ಮಾರಾಯ್ತಿ, ಎರಡು ಒಲೆ ಉರೀತದೆ.

ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ನಮ್ಮ ಕೆಳಮನೆಯವಳು. ಅವಳ ಗಂಡ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಾನೆ. ಸ್ವಲ್ಪ ಗದ್ದೆ, ಎರಡು ಗಿಡ್ಡ ಹಸು. ಸಿಲಿಂಡರನ್ನು ಟಾರು ರಸ್ತೆಯಿಂದ ತಲೆಯ ಮೇಲೆ ಹೊತ್ತು ಮನೆ ದಾರಿಯ ಏರು ಹತ್ತುವವಳು ಅವಳೇ. ಒಂದು ಭಾನುವಾರ ಬಂದು ನಮ್ಮ ಒಲೆಯ ಬೆಂಕಿಯನ್ನು ಬಗ್ಗಿ ನೋಡಿದಳು.

'ಎರಡು ಹಸುವಿಗೆ ಸಾಕಾಗ್ತದಾ ಅಮ್ಮ?'

'ಧಾರಾಳ' ಎಂದರು ಅತ್ತೆ. 'ನನ್ನೆಂತ ಕೇಳ್ತೀಯ, ಕಣ್ಣೆದುರು ಉರೀತಾ ಉಂಟಲ್ಲ.'

ಅವಳು ನನ್ನ ಕಡೆ ತಿರುಗಿದಳು. 'ಹೌದಾ ಟೀಚರೇ?'

ಅವಳು ನನ್ನನ್ನು ಕೇಳಿದ್ದು ವಿಜ್ಞಾನ ಓದಿದವಳು ಎಂದು. ನಾನು ಕಾಯಿ ತುರಿಯುತ್ತಿದ್ದೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಅವಳ ಮನೆಯಲ್ಲಿ ಮೀನು, ಕೋಳಿ ಎಲ್ಲ ನಡೆಯುತ್ತದೆ, ಎಂಜಲಿನ ಕ್ಯಾನಿಗೆ ಅವಳು ಮುಖ ಸಿಂಡರಿಸುತ್ತಲೂ ಇರಲಿಲ್ಲ. ಆದರೆ ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಡೈರಿಗೆ ಹೋಗಿ ಅಲ್ಲಿಂದ ಅತ್ತೆಯ ಕಿವಿಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ.

'ಹ್ಞೂಂ, ಸಾಕಾಗ್ಬಹುದು' ಎಂದೆ.

ಗುಮ್ಮಟದ ಗುಂಡಿಯನ್ನು ಅವಳು ತಾನೇ ತೋಡಿದಳು. ಗಂಡ ರಜೆ ಸಿಕ್ಕ ದಿನ ಮಾತ್ರ ಕೈಹಾಕುತ್ತಿದ್ದ. ಜಂಬಿಟ್ಟಿಗೆ ನೆಲ, ಒಂದೊಂದು ಮಂಕರಿ ಮಣ್ಣಿಗೂ ಹಾರೆ ಎತ್ತಬೇಕು. ನಾನು ಸಂಜೆ ಕ್ಯಾನ್ ಹಿಡಿದು ಬಸ್ಸಿಳಿದು ಬರುವಾಗ ಅವಳು ಗುಂಡಿಯೊಳಗಿಂದ ತಲೆ ಎತ್ತಿ, 'ನೋಡಿ ಟೀಚರೇ, ಕುತ್ತಿಗೆವರೆಗೆ ಬಂತು' ಎಂದು ನಗುತ್ತಿದ್ದಳು. ಕಟ್ಟಲು ಬಂದದ್ದು ಅದೇ ಮೇಸ್ತ್ರಿ. ಅವರು ನೇರ ನಮ್ಮ ಮನೆಗೆ ಬಂದರು.

'ಎರಡು ಗಿಡ್ಡಕ್ಕೆ ಆಗೋದಿಲ್ಲ ಅಂತ ನಾನು ಹೇಳ್ದೆ ಟೀಚರೇ. ಮೇಲಿನ ಮನೇಲಿ ಆಗ್ತದಲ್ಲ ಅಂತಾಳೆ. ನಾನು ಎಂತ ಹೇಳ್ಲಿ? ನಿಮಗೆ ಮಾತು ಕೊಟ್ಟಿದ್ದೇನೆ, ಬಾಯಿ ಬಿಡೋದಿಲ್ಲ. ನೀವೇ ಒಂದು ಮಾತು ಹೇಳಿ. ಕ್ಯಾನ್ ವಿಷಯ ಹೇಳಿದ್ರೆ ಮುಗೀತು.'

ಹೇಳ್ತೇನೆ ಎಂದೆ. ಮೇಸ್ತ್ರಿ ಒಂದು ಗಳಿಗೆ ನನ್ನನ್ನೇ ನೋಡಿ, ಹಾರೆ ಕರಣೆ ಎತ್ತಿಕೊಂಡು ಕೆಳಗಿಳಿದರು.

ಹೇಳಲಿಲ್ಲ. ಇವತ್ತು ಬೇಡ, ನಾಳೆ ಎಂದುಕೊಳ್ಳುತ್ತಾ ಗುಮ್ಮಟ ಮುಚ್ಚಿತು. ಮೊದಲ ಸಲ ತುಂಬಲು ರಾಶಿ ಸಗಣಿ ಬೇಕು. ಸುತ್ತಲಿನ ನಾಲ್ಕು ಮನೆಯಿಂದ ತಂದು ತುಂಬಿದರು, ನಮ್ಮ ಮನೆಯಿಂದಲೂ ಹೋಯಿತು. ಹಾಗಾಗಿ ಆರಂಭದಲ್ಲಿ ಒಳ್ಳೆಯ ಗ್ಯಾಸೇ ಬಂತು. ಮೊದಲ ಹಾಲು ಉಕ್ಕಿಸಲು ಅತ್ತೆಯನ್ನು ಕರೆದಳು. ಅತ್ತೆ ಹೊಸ ಸೀರೆ ಉಟ್ಟು ಹೋಗಿ ಕಡ್ಡಿ ಗೀರಿದರು. ನಾನು ಚಪ್ಪಾಳೆ ತಟ್ಟಿದೆ. ಹೇಗೋ ತನ್ನಷ್ಟಕ್ಕೆ ಸರಿಹೋದೀತು ಎಂಬ ಆಸೆ ಒಳಗೆ ಇತ್ತು. ಸರಿಹೋಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಎರಡು ತಿಂಗಳಾಗುವ ಹೊತ್ತಿಗೆ ಅವಳ ಒಲೆ ಒಂದು ಚಹಾಕ್ಕೆ ಇಳಿಯಿತು. ಅವಳು ಬಂದು ಅತ್ತೆಯ ಮುಂದೆ ಕೂತಳು. ಅತ್ತೆ ಹೋಗಿ ಅವಳ ತೊಟ್ಟಿ ನೋಡಿದರು, ಕದಡಿದ್ದು ಸರಿಯಿದೆ. ನೀರು ಸರಿಯಿದೆ. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕೆಲುಬು ನೋಡಿದರು. ಅವರ ಮಟ್ಟಿಗೆ ಉಳಿದದ್ದು ಒಂದೇ ಕಾರಣ. ಅದನ್ನು ಮನೆಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಮರುದಿನ ಡೈರಿಯಲ್ಲಿ, ಹಾಲಿನ ಕ್ಯಾನ್ ಹಿಡಿದು ಹತ್ತು ಹೆಂಗಸರು ನಿಂತಿರುವಾಗ ಹೇಳಿದರು.

'ಹಸು ಹೊಟ್ಟೆಗೆ ಹಾಕದೆ ಗ್ಯಾಸ್ ಬರ್ಲಿ ಅಂದ್ರೆ ಎಲ್ಲಿಂದ ಬರ್ಬೇಕೇ? ನಂದೂ ಎರಡೇ. ಬಾಯಿ ಬಾರದ ಜೀವಕ್ಕೆ ಹುಲ್ಲು ಕಮ್ಮಿ ಮಾಡಿದ್ರೆ ಅದು ಹೇಗೆ ಕೊಡ್ತದೆ?'

ಅವತ್ತು ರಜೆ, ನಾನೂ ಅಲ್ಲಿದ್ದೆ. ಹಸುವನ್ನು ಉಪವಾಸ ಕೆಡವುತ್ತಾಳೆ ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ, ಮಕ್ಕಳನ್ನು ಉಪವಾಸ ಕೆಡವುತ್ತಾಳೆ ಎಂದ ಹಾಗೆಯೇ. ಅವಳ ಮುಖ ಕಪ್ಪಿಟ್ಟಿತು. 'ಇಲ್ಲ ಅಮ್ಮ, ಹಾಕ್ತೇನೆ ಅಮ್ಮ' ಎಂದಷ್ಟೇ ಹೇಳಿದಳು. ನನ್ನ ಕಡೆ ಒಮ್ಮೆ ನೋಡಿದಳು, ಟೀಚರು ಏನಾದರೂ ಹೇಳಿಯಾರು ಎಂದು. ನಾನು ಹಾಲಿನ ಪುಸ್ತಕ ತಿರುವುತ್ತಿದ್ದೆ.

ಅಲ್ಲಿಂದ ಅವಳಿಗೆ ಹುಲ್ಲಿನ ಹುಚ್ಚು ಹಿಡಿಯಿತು. ಹಸುಗಳು ಗುಡ್ಡದಿಂದ ಬರುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಹೊರೆ ಹಸಿ ಹುಲ್ಲು ಇರಬೇಕು, ನೋಡಿದವರು ಹೌದು ಎನ್ನಬೇಕು. ಗದ್ದೆ ಬದುವಿನದು ಮುಗಿಯಿತು, ರಸ್ತೆ ಬದಿಯದು ಮುಗಿಯಿತು. ಕೊನೆಗೆ ರಸ್ತೆಗಾಗಿ ಗುಡ್ಡ ಕಡಿದ ಎತ್ತರದ ದರೆಯ ಮೇಲೆ ಹತ್ತಿ ಕೊಯ್ಯತೊಡಗಿದಳು. ಅಲ್ಲಿಂದಲೇ ಬಿದ್ದದ್ದು. ಬಲ ಮುಂಗೈ ಎರಡು ಕಡೆ ಮುರಿಯಿತು. ಆಟೋದಲ್ಲಿ ಕೊಪ್ಪಕ್ಕೆ ಕರೆದೊಯ್ಯುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಅವಳು ಹೇಳಿದ್ದು ಇದು: 'ಹೊರೆ ದರೆ ಬುಡದಲ್ಲೇ ಉಂಟು ಟೀಚರೇ. ಯಾರಿಗಾದ್ರೂ ಹೇಳಿ ಹಸುಗೆ ಹಾಕ್ಸಿ.'

ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. ಅವರು ಮಧ್ಯಾಹ್ನದ ಊಟ ಮುಗಿಸಿ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲ ಹೇಳಿದೆ. ಹಾಸ್ಟೆಲ್, ಎಂಜಲು, ಮೊಟ್ಟೆ, ಕೋಳಿ, ಕಾಗೆ. ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

'ಎಷ್ಟು ಸಮಯ ಆಯ್ತು?' ಎಂದರು.

'ಮೂರು ವರ್ಷ.'

ಅವರು ಬೆರಳು ಮಡಿಚಿದರು. 'ನಿನ್ನ ಮಾವನ ತಿಥಿ ಮೂರು ಆಯ್ತು ಅದ್ರಲ್ಲೇ.'

ನಾನು ತಲೆ ತಗ್ಗಿಸಿದೆ. ಆ ಲೆಕ್ಕ ನಾನೇ ಒಮ್ಮೆಯೂ ಹಾಕಿರಲಿಲ್ಲ. ಅವರು ಕೈಯನ್ನು ಮೂಗಿನ ಹತ್ತಿರ ತಂದು, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು.

'ಇದಕ್ಕೆಲ್ಲ ಸ್ನಾನ ಉಂಟು, ಪಂಚಗವ್ಯ ಉಂಟು. ಕೇಳಿದ್ರೆ ಯಾರಾದ್ರೂ ಹೇಳ್ತಾರೆ' ಎಂದರು ಕೊನೆಗೆ. 'ಆ ಹೆಂಗಸಿಗೆ ಹತ್ತು ಜನರ ಎದುರು ನಾನು ಅಂದೆನಲ್ಲ, ಅದಕ್ಕೆ ಎಂತ ಉಂಟೇ?'

 ತಪ್ಪಾಯಿತು ಎಂದೆ. ಆ ಪದ ಎಷ್ಟು ಸಣ್ಣದು ಎಂದು ನನಗೇ ಕೇಳಿಸಿತು.

ಮರುದಿನ ಬೆಳಿಗ್ಗೆ ಅವರು, ನಡಿ ಹೋಗುವ ಎಂದರು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಅತ್ತೆಗೆ ಗೊತ್ತಿರಲಿಲ್ಲ, ನನ್ನದೇ ತಪ್ಪು, ನಿನ್ನ ಹಸುವಿನ ತಪ್ಪೂ ಅಲ್ಲ, ನಿನ್ನದೂ ಅಲ್ಲ. ಕೆಳಮನೆಯವಳು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ನೋಡಲು ಬಂದ ಡೈರಿಯ ಇಬ್ಬರು ಹೆಂಗಸರಿದ್ದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಅವಳೆದುರು ನೆಲದ ಮೇಲೆ ಕೂತುಬಿಟ್ಟರು.

'ನಿನ್ನ ಹಸು ಸರಿ ಉಂಟು. ನೀನು ಹಾಕೋ ಹುಲ್ಲೂ ಸರಿ ಉಂಟು. ನಮ್ಮಲ್ಲಿ ಗ್ಯಾಸ್ ಬರೋದು ಬರೇ ಸಗಣಿಯಲ್ಲಿ ಅಲ್ಲ ಮಾರಾಯ್ತಿ. ಹಾಸ್ಟೆಲಿನ ಎಂಜಲು ದಿನಾ ತಂದು ಹಾಕ್ತೇವೆ. ತಾ ಅಂತ ಹೇಳಿದ್ದು ನಾನೇ. ಇವಳು ಬೇಡ ಅಂದ್ಲು. ಹೊರಗೆ ಗೊತ್ತಾದ್ರೆ ಮಡಿ ಹೋಯ್ತು ಅಂತಾರೆ ಅಂತ ಇವಳ ಬಾಯಿ ಮುಚ್ಸಿದ್ದೂ ನಾನೇ. ಡೈರಿಯಲ್ಲಿ ನಿಂಗೆ ಹಾಗೆ ಅಂದದ್ದು ನನ್ನ ತಪ್ಪು.'

 ಅತ್ತೆ ಸುಳ್ಳು ಹೇಳಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕೇಳಿದ್ದು ಅದೇ ಮೊದಲು. ಆಗಲೇ, ಅಲ್ಲೇ, ಇಲ್ಲ, ಹಾಗಲ್ಲ ಎಂದು ಹೇಳಬೇಕಿತ್ತು.  ಆ ಇಬ್ಬರು ಹೆಂಗಸರಲ್ಲಿ ಒಬ್ಬಳ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ. ನಾನು ನೆಲ ನೋಡುತ್ತಾ ನಿಂತೆ. ನೋಡಿದವರಿಗೆ ಅತ್ತೆಯ ಪರವಾಗಿ ನಾಚಿಕೆಪಡುವ ಸೊಸೆಯ ಹಾಗೆಯೇ ಕಂಡಿರಬೇಕು.

ವಾಪಸು ಬರುವಾಗ ಕೇಳಿದೆ. ಯಾಕೆ ಹಾಗೆ ಹೇಳಿದಿರಿ?

ಅವರು ನಿಂತು ಉಸಿರು ತೆಗೆದುಕೊಂಡರು. 'ಮಕ್ಕಳಿಗೆ ಪಾಠ ಹೇಳೋಳು ಸುಳ್ಳಿ ಅಂತ ಆಗ್ಬಾರ್ದು. ನಾಳೆ ಆ ಮಕ್ಕಳು ನೀನು ಹೇಳಿದ್ದು ಯಾವ್ದನ್ನ ನಂಬ್ತವೆ? ಅಡಿಗೆ ಮಾಡೋ ಮುದುಕಿ ಹೇಳಿದ್ರೆ ಎಂತ, ನಾಲ್ಕು ದಿನ ಆಡ್ಕೊಳ್ತಾರೆ.'

ನಾಲ್ಕು ದಿನಕ್ಕೆ ಮುಗಿಯಲಿಲ್ಲ. ಸುದ್ದಿ ಶೃಂಗೇರಿಗೆ ಹೋಗಲು ಒಂದು ವಾರವೂ ಬೇಕಾಗಲಿಲ್ಲ. ಆ ವರ್ಷದ ವ್ರತಗಳು ಬಂದವು, ಹೋದವು. ಕಾರು ಬರಲಿಲ್ಲ. ತಂಗಿ ಫೋನಿನಲ್ಲಿ, ಈ ಸಲ ಬೇರೆಯವರಿಗೆ ಹೇಳಿ ಆಗಿದೆ ಅಕ್ಕ, ನಿಂಗೂ ಸುಮ್ನೆ ತ್ರಾಸು ಎಂದಳು. ಅತ್ತೆ, ಹೌದು ಹೌದು, ನಂಗೂ ಮಂಡಿ ನೋವು ಎಂದರು. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅದರ ಹತ್ತಿರವೇ ನಿಂತಿದ್ದರು. ಪ್ರಾಯಶ್ಚಿತ್ತಕ್ಕೆ ಏನೇನು ಮಾಡಿದರೋ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ನೈವೇದ್ಯದ ಅನ್ನವನ್ನು ಈಗ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆಯಲ್ಲಿ ಮಾಡುತ್ತಾರೆ. ನಾನು ಏಜೆನ್ಸಿಗೆ ಹೋಗಿ ಸಿಲಿಂಡರ್ ತಂದೆ, ಕೊನೆಗೂ. ದೇವರಿಗೆ ಅದರಲ್ಲಾದರೂ ಮಾಡಿ ಎಂದೆ. 'ನಂಗೆ ಇದೇ ಆಗ್ತದೆ' ಎಂದರು. ಕೆಮ್ಮು ಮತ್ತೆ ಶುರುವಾಗಿದೆ.

ಕೆಳಮನೆಯವಳಿಗೆ ಹಾಸ್ಟೆಲಿನ ದಾರಿ ತೋರಿಸಿದೆ. ಅವಳ ಕೈ ಕೂಡಿಕೊಂಡಿದೆ, ಹುಲ್ಲಿನ ಹೊರೆ ಎತ್ತಲು ಮಾತ್ರ ಆಗುವುದಿಲ್ಲ. ನಮ್ಮ ಉಳಿದ ಅಡಿಗೆ ಈಗಲೂ ಗೋಬರ್ ಗ್ಯಾಸಿನಲ್ಲೇ, ಹಾಗಾಗಿ ಬಸ್ಸಿನಲ್ಲಿ ಅವಳ ಕ್ಯಾನು, ನನ್ನ ಕ್ಯಾನು ಅಕ್ಕಪಕ್ಕ ಇರುತ್ತವೆ. ದೋಸೆ ಹಿಟ್ಟು ಎನ್ನುವ ಗೊಡವೆ ಅವಳಿಗಿಲ್ಲ. ಕೇಳಿದವರಿಗೆ ಎಂಜಲು ಎಂದು ಮುಚ್ಚಳ ತೆಗೆದೇ ತೋರಿಸುತ್ತಾಳೆ. ಅವಳ ಒಲೆ ಈಗ ಎರಡೂ ಹೊತ್ತು ಉರಿಯುತ್ತದೆ. ಎರಡು ಹಸುವಿಗೆ ಒಂದು ಕ್ಯಾನ್ ಸೇರಿದರೆ ಸಾಕು ಎಂದು ಬೇರೆ ಮನೆಗಳಿಗೂ ಹೇಳಿಕೊಡುತ್ತಿದ್ದಾಳೆ. ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಹೇಳಿದ್ದಕ್ಕಿಂತ ಹೆಚ್ಚಿನ ಪಾಠವದು.

ಮೊನ್ನೆ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು, ಮನೆಯಲ್ಲಿ ಬೆಳೆದ ಬಸಳೆ ಹಿಡಿದುಕೊಂಡು. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಸೌದೆ ಚಕ್ಕೆ ಆರಿಸುತ್ತಿದ್ದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಕೆಳಮನೆಯವಳು ಆ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು, ದನಿ ತಗ್ಗಿಸಿದಳು. ತಗ್ಗಿಸಿದರೂ ಅವಳ ದನಿ ಅಂಗಳ ದಾಟುವಂಥದ್ದು.

'ನಿಮ್ಮನ್ನ ನೋಡಿದ್ರೆ ನಂಗೆ ಪಾಪ ಅನ್ನಿಸ್ತದೆ ಟೀಚರೇ. ಅಮ್ಮ ಮಾಡಿದ ಕೆಲಸಕ್ಕೆ ಅವತ್ತು ನೀವು ತಲೆ ತಗ್ಗಿಸಿ ನಿಲ್ಬೇಕಾಯ್ತು.'

ನಾನು ಬಸಳೆ ಕಟ್ಟನ್ನು ಅವಳ ಕೈಯಿಂದ ತೆಗೆದುಕೊಂಡೆ.

'ಇರ್ಲಿ ಬಿಡು' ಎಂದೆ. 'ವಯಸ್ಸಾದವರು.'